ಓಲಾ ರೋಟಿಮಿ: ಇಂಗ್ಲಿಷಿನೊಳಗೆ ಯೊರುಬಾ

ನೈಜೀರಿಯಾದ ನಾಟಕಕಾರ, ನಿರ್ದೇಶಕ ಓಲಾ ರೋಟಿಮಿ ಅವರು 1938ರಲ್ಲಿ ಸಪೆಲೆ ಎಂಬ ಬಂದರುಪಟ್ಟಣದಲ್ಲಿ ಜನಿಸಿದರು. ತಂದೆ ಯೊರುಬಾ, ತಾಯಿ ಇಜಾ ಜನಾಂಗದವರು. ಹೀಗೆ ಮನೆಯೊಳಗೇ ಎರಡು ಸಂಸ್ಕೃತಿಗಳಿದ್ದವು. ವಸಾಹತು ಕಾಲದ ಶಾಲೆ ಇಂಗ್ಲಿಷನ್ನು ಸೇರಿಸಿತು. 1959ರಲ್ಲಿ ಅಮೆರಿಕಕ್ಕೆ ತೆರಳಿದ ಅವರು ಬಾಸ್ಟನ್ ಮತ್ತು ಯೇಲ್ ವಿಶ್ವವಿದ್ಯಾಲಯಗಳಲ್ಲಿ ರಂಗಕಲೆಯನ್ನೂ ನಾಟಕರಚನೆಯನ್ನೂ ಅಭ್ಯಸಿಸಿ, 1966ರಲ್ಲಿ ತಾಯ್ನಾಡಿಗೆ ಮರಳಿ ಇಫೆ ವಿಶ್ವವಿದ್ಯಾಲಯವನ್ನು ಸೇರಿದರು.

ಮರುವರ್ಷವೇ ಬಿಯಾಫ್ರಾ ಯುದ್ಧ ಆರಂಭವಾಯಿತು. ಜನಾಂಗ, ನುಡಿಗಳ ಹೆಸರಿನಲ್ಲಿ ದೇಶ ಒಡೆಯುತ್ತಿದ್ದ ಆ ದಿನಗಳಲ್ಲಿ, 1968ರಲ್ಲಿ, ಇಫೆಯ ಓರಿ ಓಲೊಕುನ್ ರಂಗಕೇಂದ್ರದಲ್ಲಿ ‘ದಿ ಗಾಡ್ಸ್ ಆರ್ ನಾಟ್ ಟು ಬ್ಲೇಮ್’ ಪ್ರದರ್ಶನಗೊಂಡಿತು. ಸೊಫೊಕ್ಲಿಸನ ಈಡಿಪಸ್ ಕಥೆ ಲಂಕೇಶರ ಅನುವಾದದಿಂದ ಕನ್ನಡ ಓದುಗರಿಗೆ ಪರಿಚಿತವಾದುದೇ. ಆದರೆ ರೋಟಿಮಿ ಮಾಡಿದ್ದು ಅನುವಾದವಲ್ಲ, ಮರುಸೃಷ್ಟಿ. ಥೀಬ್ಸ್ ಇಲ್ಲಿ ಕುಟುಜೆ ಎಂಬ ಯೊರುಬಾ ರಾಜ್ಯವಾಗಿದೆ, ಈಡಿಪಸ್ ಒಡೆವಾಲೆಯಾಗಿದ್ದಾನೆ. ಬಹುಮುಖ್ಯವಾದ ಮಾರ್ಪಾಡು ಪಿತೃಹತ್ಯೆಯ ಪ್ರಸಂಗದಲ್ಲಿದೆ. ಹೊಲದಲ್ಲಿ ಎದುರಾದ ಅಪರಿಚಿತ ಮುದುಕನು ಗೆಣಸಿಗಾಗಿ ಜಗಳವಾಡುವುದನ್ನು ಒಡೆವಾಲೆ ಸಹಿಸಿಕೊಳ್ಳಬಲ್ಲ. ಅವನ ಮಾತಿನ ಧಾಟಿಯನ್ನೂ ಕುಲವನ್ನೂ ಆತ ಹೀಗಳೆದಾಗ ಮಾತ್ರ ಗುದ್ದಲಿ ಮೇಲೇಳುತ್ತದೆ. ಮಗ ತಂದೆಯನ್ನು ಕೊಲ್ಲುವುದು ನುಡಿಗಾದ ಅವಮಾನಕ್ಕಾಗಿ. ಗ್ರೀಕ್ ಮೂಲದ ವಿಧಿಯ ಜಾಗದಲ್ಲಿ ರೋಟಿಮಿ ಜನಾಂಗೀಯ ಅಭಿಮಾನವನ್ನು ಇರಿಸಿದರು. ನಾಟಕದ ಹೆಸರು ದೇವತೆಗಳನ್ನು ದೋಷಮುಕ್ತಗೊಳಿಸುವುದು ಈ ಅರ್ಥದಲ್ಲಿ.

ಇಂಥ ವಸ್ತುವನ್ನು ಯಾವ ಭಾಷೆಯಲ್ಲಿ ಹೇಳಬೇಕು? ಯೊರುಬಾದಲ್ಲಿ ಬರೆದರೆ ಉಳಿದ ಜನಾಂಗಗಳಿಗೆ ಅದು ತಲಪದು. ಆಂಗ್ಲರ ಇಂಗ್ಲಿಷಿನಲ್ಲಿ ಬರೆದರೆ ಯಾರ ಬದುಕನ್ನೂ ಮುಟ್ಟದು. ರೋಟಿಮಿ ಕಂಡುಕೊಂಡ ದಾರಿ ಇಂಗ್ಲಿಷಿಗೆ ಯೊರುಬಾದ ನಡೆಯನ್ನು ಕಲಿಸುವುದಾಗಿತ್ತು. ವಾಕ್ಯಗಳು ಚಿಕ್ಕವು, ಪದಗಳು ಸಾಧಾರಣ ಓದಿನವರಿಗೂ ಎಟುಕುವಂಥವು. ವಾದ, ಸಾಂತ್ವನ, ಬೆದರಿಕೆ ಎಲ್ಲವೂ ಗಾದೆಯ ಮೂಲಕವೇ ಸಾಗುತ್ತವೆ. ಅರಸನಿಗೆ ಸಲ್ಲುವ ‘ಕಬಿಯೇಸಿ’ ಎಂಬ ಸಂಬೋಧನೆ ಹಾಗೆಯೇ ಉಳಿಯುತ್ತದೆ. ಹಾಡುಗಳು ಯೊರುಬಾದಲ್ಲೇ ಇವೆ. ಗಾದೆಗಳು ಅತಿಯಾದವೆಂಬ ಆಕ್ಷೇಪ ವಿಮರ್ಶಕರಿಂದ ಬಂದಿತು. ಕೆಲವೆಡೆ ಅದು ನಿಜವೂ ಹೌದು: ಪಾತ್ರಗಳ ಮಾತು ಒಂದೇ ಅಚ್ಚಿನಲ್ಲಿ ಎರಕಗೊಂಡಂತೆ ತೋರುತ್ತದೆ. ಆದರೆ ಗಾದೆಯಿಲ್ಲದೆ ಹಿರಿಯರ ಸಭೆಯಲ್ಲಿ ಬಾಯಿ ತೆರೆಯದ ಸಮಾಜವೊಂದನ್ನು ಅವಿಲ್ಲದೆ ಚಿತ್ರಿಸುವುದು ಹೇಗೆಂಬುದನ್ನು ಈ ಆಕ್ಷೇಪ ಹೇಳುವುದಿಲ್ಲ.

‘ಕುರುನ್ಮಿ’ ಹಾಗೂ ‘ಒವೊನ್ರಮ್ವೆನ್ ನೊಗ್ಬೈಸಿ’ ನಾಟಕಗಳಲ್ಲಿ ಅವರು ಹತ್ತೊಂಬತ್ತನೆಯ ಶತಮಾನದ ಇಜಾಯೆ ಯುದ್ಧವನ್ನೂ 1897ರಲ್ಲಿ ಬ್ರಿಟಿಷರಿಂದಾದ ಬೆನಿನ್ ಪತನವನ್ನೂ ಎತ್ತಿಕೊಂಡರು. 1977ರಲ್ಲಿ ಪೋರ್ಟ್ ಹಾರ್ಕೋರ್ಟ್ ವಿಶ್ವವಿದ್ಯಾಲಯಕ್ಕೆ ಹೋದುದು ಅವರ ಬರವಣಿಗೆಯನ್ನು ಬದಲಿಸಿತು. ಅನೇಕ ಸಣ್ಣ ನುಡಿಗಳ ಆ ಪ್ರದೇಶದಲ್ಲಿ ಇಂಗ್ಲಿಷಿಗೆ ಒಂದೇ ಭಾಷೆಯ ಲಯ ಹೊದಿಸಿದರೆ ಸಾಲದಾಯಿತು. 1985ರಲ್ಲಿ ರಂಗವೇರಿದ ‘ಹೋಪ್ಸ್ ಆಫ್ ದಿ ಲಿವಿಂಗ್ ಡೆಡ್’ ಇದಕ್ಕೆ ಸಾಕ್ಷಿ. ಆಸ್ಪತ್ರೆಯಿಂದ ಹೊರದೂಡಲ್ಪಡಲಿದ್ದ ಕುಷ್ಠರೋಗಿಗಳು ಸಂಗೀತಕಾರ ಇಕೋಲಿ ಹಾರ್ಕೋರ್ಟ್ ವೈಟ್ ಅವರ ಮುಂದಾಳ್ತನದಲ್ಲಿ ನಡೆಸಿದ ಹೋರಾಟ ಅದರ ವಸ್ತು. ರೋಗಿಗಳು ತಂತಮ್ಮ ನುಡಿಗಳಲ್ಲೇ ಮಾತಾಡುತ್ತಾರೆ. ಒಬ್ಬರ ಮಾತನ್ನು ಮತ್ತೊಬ್ಬರು ಪಕ್ಕದವರಿಗೆ ದಾಟಿಸುತ್ತಾರೆ. ಪ್ರೇಕ್ಷಕನಿಗೂ ಎಲ್ಲವೂ ಅರ್ಥವಾಗುವುದಿಲ್ಲ. ಅವನೂ ಪಕ್ಕದವರ ನೆರವನ್ನು ಕಾಯಬೇಕಾಗುತ್ತದೆ. ಒಡೆವಾಲೆಯ ಹೊಲದಲ್ಲಿ ಕೊಲೆಗೆ ಕಾರಣವಾದ ನುಡಿಭೇದವೇ ಇಲ್ಲಿ ಸಂಘಟನೆಯ ದೈನಂದಿನ ಕೆಲಸವಾಗಿದೆ.

1990ರ ದಶಕದಲ್ಲಿ ಕೆಲಕಾಲ ಅಮೆರಿಕದಲ್ಲಿ ಬೋಧಿಸಿದ ರೋಟಿಮಿ ಮತ್ತೆ ಇಫೆಗೆ ಮರಳಿದರು. 2000ದ ಮೇ ತಿಂಗಳಲ್ಲಿ ಪತ್ನಿ ಹೇಜಲ್ ತೀರಿಕೊಂಡರು; ಆಗಸ್ಟ್ 18ರಂದು ಅವರೂ ನಿಧನರಾದರು.