ಒಂದು ಕೈಯಲ್ಲಿ ಲೆಕ್ಕದ ಪುಸ್ತಕ, ಇನ್ನೊಂದರಲ್ಲಿ ಕ್ಯಾಮೆರಾ: ಜಾಝ್ ಕಲಾವಿದರನ್ನು ಫಿಲ್ಮ್‌ನಲ್ಲಿ ಉಳಿಸಿದ ಫ್ರಾನ್ಸಿಸ್ ವುಲ್ಫ್

ಪಾಲುದಾರಿಕೆಯಲ್ಲಿ ಅಂಗಡಿ ಇಟ್ಟವರಿಗೆ ಇದು ಚೆನ್ನಾಗಿ ಗೊತ್ತು. ಒಬ್ಬರು ಮುಂದೆ ನಿಂತು ಗಿರಾಕಿಗಳನ್ನು ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಒಳಗೆ ಕೂತು ಲೆಕ್ಕ ಬರೀತಾರೆ. ಊರಿಗೆಲ್ಲ ಗೊತ್ತಿರೋದು ಮುಂದೆ ನಿಂತವರ ಹೆಸರು. ನ್ಯೂಯಾರ್ಕ್‌ನ ಬ್ಲೂ ನೋಟ್ ರೆಕಾರ್ಡ್ಸ್ ಅನ್ನೋ ಸಣ್ಣ ಸಂಗೀತ ಕಂಪನಿಯಲ್ಲಿ ಹಾಗೆ ಒಳಗೆ ಕೂತವರು ಫ್ರಾನ್ಸಿಸ್ ವುಲ್ಫ್. ಬಿಲ್ಲು, ಬಾಕಿ, ಪತ್ರ ವ್ಯವಹಾರ ಎಲ್ಲ ಅವರದ್ದೇ. ಅದರ ಜೊತೆಗೆ ಕಂಪನಿಯ ಫೋಟೋ ಕೆಲಸವೂ ಅವರ ಪಾಲಿಗೆ ಬಂತು.

ಇವತ್ತು ಜಾಝ್ ಸಂಗೀತ ಅಂದಾಗ ಕಣ್ಣ ಮುಂದೆ ಬರುವ ಒಂದು ಚಿತ್ರವಿದೆ. ಹಿಂದೆಲ್ಲ ಗಾಢ ಕತ್ತಲು, ಮುಖದ ಅರ್ಧಕ್ಕೆ ಬೆಳಕು, ಹಣೆಯ ಮೇಲೆ ಬೆವರು, ಸಿಗರೇಟಿನ ಹೊಗೆ, ಕಣ್ಣು ಮುಚ್ಚಿ ಊದುತ್ತಿರುವ ಕಲಾವಿದ. ಆ ಚಿತ್ರವನ್ನು ಜನರ ಮನಸ್ಸಿನಲ್ಲಿ ಕೂರಿಸಿದವರಲ್ಲಿ ವುಲ್ಫ್ ಮುಖ್ಯರು. ಆದರೆ ಅವರು ಬದುಕಿದ್ದಾಗ ಆ ಫೋಟೋಗಳಿಗೆ ಇದ್ದ ಬೆಲೆ ಮಾಲಿನ ಮೇಲಿನ ರಟ್ಟಿಗೆ ಇರುವಷ್ಟೇ.

ಜಾಝ್ ಅಮೆರಿಕದ ಕಪ್ಪು ಜನರು ಕಟ್ಟಿ ಬೆಳೆಸಿದ ಸಂಗೀತ. ಒಂದು ಧಾಟಿ ಹಿಡಿದು, ಅದರ ಮೇಲೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತಾ ಹೋಗುವುದು ಅದರ ಜೀವಾಳ. ಕರ್ನಾಟಕ ಸಂಗೀತ ಕಛೇರಿಯಲ್ಲಿ ಮನೋಧರ್ಮ ಅಂತಾರಲ್ಲ, ಸ್ವಲ್ಪ ಹಾಗೆ. ಕದ್ರಿ ಗೋಪಾಲನಾಥ್ ಅವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಸ್ಯಾಕ್ಸೋಫೋನ್ ಈ ಜಾಝ್‌ನ ಮುಖ್ಯ ವಾದ್ಯಗಳಲ್ಲೊಂದು.

ಬರ್ಲಿನ್‌ನ ಇಬ್ಬರು ಗೆಳೆಯರು

ವುಲ್ಫ್ ಹುಟ್ಟಿ ಬೆಳೆದದ್ದು ಜರ್ಮನಿಯ ಬರ್ಲಿನ್‌ನಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಅದೇ ಊರಿನ ಆಲ್ಫ್ರೆಡ್ ಲಯನ್ ಅವರ ಎಳೆಯ ವಯಸ್ಸಿನ ಗೆಳೆಯ. ಅಮೆರಿಕದಿಂದ ಬರುತ್ತಿದ್ದ ಜಾಝ್ ರೆಕಾರ್ಡುಗಳೆಂದರೆ ಇಬ್ಬರಿಗೂ ಹುಚ್ಚು. ವುಲ್ಫ್ ಫೋಟೋಗ್ರಫಿ ಕಲಿತು ಬರ್ಲಿನ್‌ನಲ್ಲಿ ಅದನ್ನೇ ಜೀವನಕ್ಕೆ ಮಾಡಿಕೊಂಡರು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಯಹೂದಿಗಳ ಬದುಕು ದಿನದಿಂದ ದಿನಕ್ಕೆ ಕಷ್ಟವಾಯಿತು. ಕಪ್ಪು ಜನರ ಸಂಗೀತವೆಂದು ಜಾಝ್ ಮೇಲೂ ನಾಜಿಗಳ ಕೆಂಗಣ್ಣು ಬಿತ್ತು. ಲಯನ್ ಮೊದಲೇ ನ್ಯೂಯಾರ್ಕ್ ಸೇರಿದ್ದರು. 1938ರ ಡಿಸೆಂಬರ್‌ನಲ್ಲಿ ಅಲ್ಲಿನ ಕಾರ್ನೆಗಿ ಹಾಲ್‌ನಲ್ಲಿ ಕಪ್ಪು ಕಲಾವಿದರ ಒಂದು ದೊಡ್ಡ ಕಛೇರಿ ಕೇಳಿ ಮರುಳಾದರು. ಮುಂದಿನ ತಿಂಗಳೇ, 1939ರ ಜನವರಿಯಲ್ಲಿ, ಅಲ್ಲಿ ನುಡಿಸಿದ್ದ ಇಬ್ಬರು ಪಿಯಾನೋ ವಾದಕರನ್ನು ಕರೆಸಿ ರೆಕಾರ್ಡ್ ಮಾಡಿಸಿದರು. ಬ್ಲೂ ನೋಟ್ ಕಂಪನಿ ಶುರುವಾದದ್ದು ಹೀಗೆ. ಆರಂಭದ ಹಣಕ್ಕೆ ಬರಹಗಾರ ಮ್ಯಾಕ್ಸ್ ಮಾರ್ಗುಲಿಸ್ ಜೊತೆಯಾದರು.

ಅದೇ ವರ್ಷ ಯುದ್ಧ ಶುರುವಾಯಿತು. ಬಾಗಿಲುಗಳು ಮುಚ್ಚುತ್ತಿದ್ದ ಹೊತ್ತಿನಲ್ಲಿ ವುಲ್ಫ್ ಹಡಗು ಹತ್ತಿ ಜರ್ಮನಿಯಿಂದ ಪಾರಾಗಿ ನ್ಯೂಯಾರ್ಕ್ ತಲುಪಿದರು. ಹಳೆ ಗೆಳೆಯನ ಕಂಪನಿಗೆ ಸೇರಿಕೊಂಡರು. ಕೈಗೆ ಬಂದಿದ್ದ ಎರಡು ವಿದ್ಯೆಯೂ ಅಲ್ಲಿ ಉಪಯೋಗಕ್ಕೆ ಬಂತು: ಒಂದು ಲೆಕ್ಕ, ಇನ್ನೊಂದು ಕ್ಯಾಮೆರಾ.

ಅಂಗಡಿ ಬಾಗಿಲು ಹಾಕಲಿಲ್ಲ

1941ರಲ್ಲಿ ಲಯನ್ ಅಮೆರಿಕದ ಸೈನ್ಯಕ್ಕೆ ಹೋಗಬೇಕಾಯಿತು. ಪಾಲುದಾರ ಸೈನ್ಯದಲ್ಲಿ, ಊರು ಹೊಸದು, ಭಾಷೆ ಪರಭಾಷೆ. ಅದರ ಮೇಲೆ ಕಚ್ಚಾ ಮಾಲಿನ ಕೊರತೆ. ಆಗಿನ ಗ್ರಾಮಫೋನ್ ತಟ್ಟೆಗೆ ಅರಗು ಬೇಕಿತ್ತು. ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದಿಂದ. ಯುದ್ಧದಿಂದಾಗಿ ಅದು ಸಿಗುವುದೇ ಕಷ್ಟವಾಗಿ, ಸರ್ಕಾರ ಅದರ ಬಳಕೆಗೆ ಮಿತಿ ಹಾಕಿತು.

ವುಲ್ಫ್ ಕಂಪನಿಯನ್ನು ಮುಚ್ಚಲಿಲ್ಲ. ಕಮೊಡೋರ್ ಅನ್ನೋ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡು, ಅಲ್ಲಿಂದಲೇ ಬ್ಲೂ ನೋಟ್‌ನ ವ್ಯಾಪಾರವನ್ನೂ ನಡೆಸಿದರು. ಲಯನ್ ಸೈನ್ಯದಿಂದ ವಾಪಸ್ ಬಂದಾಗ ಕಂಪನಿ ಉಸಿರು ಹಿಡಿದುಕೊಂಡಿತ್ತು.

1947ರಲ್ಲಿ ಇಬ್ಬರೂ ಒಂದು ದೊಡ್ಡ ಧೈರ್ಯ ಮಾಡಿದರು. ಥೆಲೋನಿಯಸ್ ಮಾಂಕ್ ಅನ್ನೋ ಪಿಯಾನೋ ವಾದಕನ ಸಂಗೀತ ಆಗ ಬಹಳ ಜನಕ್ಕೆ ವಿಚಿತ್ರ ಅನ್ನಿಸುತ್ತಿತ್ತು. ಅವರದ್ದೇ ಹೆಸರಿನಲ್ಲಿ ರೆಕಾರ್ಡ್ ಮಾಡಿಸಿದ ಮೊದಲ ಕಂಪನಿ ಬ್ಲೂ ನೋಟ್. ಮಾಲು ಖರ್ಚಾಗಲಿಲ್ಲ. ಆದರೂ ಮತ್ತೆ ಕರೆದರು, ಮತ್ತೆ ರೆಕಾರ್ಡ್ ಮಾಡಿಸಿದರು. ಲೆಕ್ಕದ ಪುಸ್ತಕದಲ್ಲಿ ನಷ್ಟ ಬರೆದುಕೊಳ್ಳಬೇಕಾದವರು ವುಲ್ಫ್. ಬರೆದುಕೊಂಡರು. ಮುಂದೆ ಮಾಂಕ್ ಜಾಝ್‌ನ ದೊಡ್ಡ ಹೆಸರಾದರು.

ಮನೆಯ ಹಜಾರದಲ್ಲಿ ಸ್ಟುಡಿಯೋ

1953ರಿಂದ ಬ್ಲೂ ನೋಟ್‌ನ ಧ್ವನಿಮುದ್ರಣ ಹೆಚ್ಚಾಗಿ ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ನಡೆಯತೊಡಗಿತು. ರೂಡಿ ವ್ಯಾನ್ ಗೆಲ್ಡರ್ ಹಗಲು ಹೊತ್ತು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವ ಕೆಲಸದಲ್ಲಿದ್ದವರು. ತಂದೆ ತಾಯಿಯ ಮನೆಯ ಹಜಾರವನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಮೈಕ್, ವೈರು, ಡ್ರಮ್ಸ್, ಪಿಯಾನೋ, ನಾಲ್ಕೈದು ಕಲಾವಿದರು. ಇವರ ಮಧ್ಯೆ ಕಾಲಿಡಲು ಜಾಗ ಹುಡುಕಿಕೊಂಡು ವುಲ್ಫ್ ಫೋಟೋ ತೆಗೆಯಬೇಕಿತ್ತು. 1959ರಲ್ಲಿ ವ್ಯಾನ್ ಗೆಲ್ಡರ್ ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ದೊಡ್ಡ ಸ್ಟುಡಿಯೋ ಕಟ್ಟಿದ ಮೇಲೆ ಜಾಗದ ತೊಂದರೆ ಸ್ವಲ್ಪ ಕಡಿಮೆಯಾಯಿತು.

ಬ್ಲೂ ನೋಟ್‌ನಲ್ಲಿ ಬೇರೆ ಸಣ್ಣ ಕಂಪನಿಗಳಲ್ಲಿ ಅಪರೂಪವಾದ ಒಂದು ಪದ್ಧತಿ ಇತ್ತು. ಧ್ವನಿಮುದ್ರಣಕ್ಕೆ ಮೊದಲು ಕಲಾವಿದರಿಗೆ ತಾಲೀಮಿಗೂ ಸಂಬಳ ಕೊಡುತ್ತಿದ್ದರು. ಲೆಕ್ಕ ಬರೆಯುವವರಿಗೆ ಇದು ಹೆಚ್ಚುವರಿ ಖರ್ಚು. ಫೋಟೋ ತೆಗೆಯುವವರಿಗೆ ಇದೇ ಅವಕಾಶ. ತಾಲೀಮಿನಲ್ಲಿ ಕಲಾವಿದರು ತಪ್ಪುತ್ತಾರೆ, ತಿದ್ದಿಕೊಳ್ಳುತ್ತಾರೆ, ನಗುತ್ತಾರೆ, ಸುಸ್ತಾಗಿ ಕೂರುತ್ತಾರೆ. ಅದೆಲ್ಲ ಫಿಲ್ಮ್ ಮೇಲೆ ಬಂತು.

ಲಯನ್ ಮತ್ತು ವುಲ್ಫ್ ಇಬ್ಬರಿಗೂ ಸ್ವರ ಬರೆಯಲು, ಓದಲು ಕಲಿತವರ ಪಾಂಡಿತ್ಯ ಇರಲಿಲ್ಲ. ಕೇಳಿ ಗೊತ್ತಿತ್ತು, ಅಷ್ಟೇ. ವಾದ್ಯಗಳು ಸರಿಯಾಗಿ ಕೂಡಿ ಬಂದಾಗ ಇಬ್ಬರೂ ಸದ್ದು ಮಾಡದೆ ಹೆಜ್ಜೆ ಹಾಕಲು ಶುರು ಮಾಡುತ್ತಿದ್ದರು ಅಂತ ಅಲ್ಲಿ ನುಡಿಸಿದವರು ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ಕುಣಿಯುತ್ತಿದ್ದರೆ ಈ ಸಲ ನುಡಿಸಿದ್ದು ಚೆನ್ನಾಗಿ ಬಂದಿದೆ ಅಂತ ಅರ್ಥ.

ರೋಲ್ ಒಂದಕ್ಕೆ 12 ಫೋಟೋ

ವುಲ್ಫ್ ಹೆಚ್ಚಾಗಿ ಬಳಸಿದ್ದು ಜರ್ಮನಿಯ ರೋಲಿಫ್ಲೆಕ್ಸ್ ಕ್ಯಾಮೆರಾ. ಒಂದರ ಮೇಲೊಂದು ಎರಡು ಲೆನ್ಸ್ ಇರುವ ಈ ಪೆಟ್ಟಿಗೆ ಕ್ಯಾಮೆರಾವನ್ನು ಊರಿನ ಹಳೆ ಸ್ಟುಡಿಯೋದವರು ನೋಡಿರುತ್ತಾರೆ. ಮೇಲಿನ ಲೆನ್ಸ್ ನೋಡಲು, ಕೆಳಗಿನದು ಫೋಟೋ ತೆಗೆಯಲು. 120 ಫಿಲ್ಮಿನ ಒಂದು ರೋಲ್‌ಗೆ 12 ಚೌಕ ಫೋಟೋ ಮಾತ್ರ. ಮುಗಿದ ಕೂಡಲೇ ರೋಲ್ ಬದಲಿಸಬೇಕು. ಹೇಗೆ ಬಂದಿದೆ ಅಂತ ಗೊತ್ತಾಗುವುದು ಫಿಲ್ಮ್ ತೊಳೆದ ಮೇಲೆ. ಮೊಬೈಲಿನಲ್ಲಿ ಒಂದು ನಿಮಿಷಕ್ಕೆ 50 ಫೋಟೋ ಹೊಡೆದು ಅಳಿಸುವ ಕಾಲದಲ್ಲಿ ಈ ಲೆಕ್ಕಾಚಾರ ಊಹಿಸುವುದೂ ಕಷ್ಟ.

ಈ ಕ್ಯಾಮೆರಾವನ್ನು ಎದೆಯ ಕೆಳಗೆ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಅದರಲ್ಲಿ ಎಡ ಬಲಕ್ಕೆ, ಬಲ ಎಡಕ್ಕೆ ಕಾಣುತ್ತದೆ. ಕಲಾವಿದ ಎಡಕ್ಕೆ ವಾಲಿದರೆ ಗಾಜಿನಲ್ಲಿ ಬಲಕ್ಕೆ ಹೋಗುತ್ತಾನೆ. ಅಭ್ಯಾಸ ಇಲ್ಲದವರಿಗೆ ಗೊಂದಲ. ಆದರೆ ಇದರಿಂದ ಒಂದು ಅನುಕೂಲವೂ ಇತ್ತು. ಫೋಟೋಗ್ರಾಫರ್ ಕಲಾವಿದನ ಮುಖಕ್ಕೆ ಕ್ಯಾಮೆರಾ ಹಿಡಿದು ನಿಲ್ಲುವುದಿಲ್ಲ, ತಲೆ ತಗ್ಗಿಸಿ ತನ್ನ ಪಾಡಿಗೆ ಇರುತ್ತಾನೆ. ಶಟರ್ ಸದ್ದೂ ಕಡಿಮೆ. ಮೈಕುಗಳು ತೆರೆದಿರುವ ಕೋಣೆಯಲ್ಲಿ ಅದು ಸಣ್ಣ ವಿಷಯವಲ್ಲ.

ಫ್ಲಾಶ್ ಅನ್ನು ಅವರು ಕ್ಯಾಮೆರಾದಿಂದ ದೂರ, ಒಂದು ಪಕ್ಕಕ್ಕೆ ಹಿಡಿಯುತ್ತಿದ್ದರು. ಹತ್ತಿರದ ಮುಖ, ಬೆರಳು, ಹಿತ್ತಾಳೆಯ ವಾದ್ಯಕ್ಕೆ ಬೆಳಕು ಬೀಳುತ್ತದೆ. ದೂರದ ಗೋಡೆಗೆ ಮುಟ್ಟುವ ಹೊತ್ತಿಗೆ ಆ ಬೆಳಕಿಗೆ ಶಕ್ತಿ ಉಳಿದಿರುವುದಿಲ್ಲ. ಹಾಗಾಗಿ ಹಿನ್ನೆಲೆ ತಾನಾಗಿ ಕಪ್ಪಾಗುತ್ತದೆ. ವೈರು, ಕುರ್ಚಿ, ಗೋಡೆ ಎಲ್ಲ ಕರಗಿ, ಮನುಷ್ಯ ಮತ್ತು ಅವನ ವಾದ್ಯ ಇಷ್ಟೇ ಉಳಿಯುತ್ತದೆ.

ಆ ಕಾಲಕ್ಕೆ ಇದರ ತೂಕವೇ ಬೇರೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರು ಬಸ್ಸಿನಲ್ಲಿ, ಹೋಟೆಲಿನಲ್ಲಿ ಬೇರೆ ಕೂರಬೇಕೆಂಬ ಕಾನೂನು ಇತ್ತು. ಸಿನಿಮಾ, ಜಾಹೀರಾತುಗಳಲ್ಲಿ ಅವರನ್ನು ಹಲ್ಲು ಕಿರಿಯುವ ಆಳುಗಳಂತೆ ತೋರಿಸುವುದು ಮಾಮೂಲಿ. ವುಲ್ಫ್ ಅವರ ಫೋಟೋದಲ್ಲಿ ಅದೇ ಜನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕೆಲಸದಲ್ಲಿ ಮುಳುಗಿ, ಯೋಚಿಸುತ್ತಾ ಕಾಣಿಸುತ್ತಾರೆ. ಹುಟ್ಟಿದ ಕುಲದ ಕಾರಣಕ್ಕೇ ಊರು ಬಿಡಬೇಕಾಗಿ ಬಂದವರು ತೆಗೆದ ಫೋಟೋಗಳು ಇವು.

ಅರ್ಧ ತಲೆ ಕತ್ತರಿಸಿದ ಹೊದಿಕೆ

1950ರ ದಶಕದಲ್ಲಿ ಎಲ್‌ಪಿ ತಟ್ಟೆಗಳ ಬಳಕೆ ಹೆಚ್ಚಾಯಿತು. 12 ಇಂಚಿನ ಚೌಕ ರಟ್ಟಿನ ಹೊದಿಕೆ ಅಂದರೆ ಅಂಗಡಿಯ ಕಿಟಕಿಯಲ್ಲಿ ಇಡುವ ಬೋರ್ಡ್ ಇದ್ದಂತೆ. ಗಿರಾಕಿ ಸಂಗೀತ ಕೇಳುವ ಮೊದಲು ನೋಡುವುದು ಅದನ್ನೇ. 1956ರ ಹೊತ್ತಿಗೆ ರೀಡ್ ಮೈಲ್ಸ್ ಅನ್ನೋ ವಿನ್ಯಾಸಕಾರ ಈ ಕೆಲಸಕ್ಕೆ ಬಂದರು. ತಮಾಷೆ ಅಂದರೆ ಅವರಿಗೆ ಜಾಝ್‌ನಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ. ಈ ಸಂಗೀತದ ಧಾಟಿ ಎಂಥದ್ದು ಅಂತ ಲಯನ್ ಹತ್ತಿರ ಕೇಳಿ ತಿಳಿದುಕೊಂಡು ಹೊದಿಕೆ ಮಾಡುತ್ತಿದ್ದರು.

ಮೈಲ್ಸ್ ಕೈಗೆ ಸಿಕ್ಕ ಫೋಟೋ ಇಡಿಯಾಗಿ ಉಳಿಯುತ್ತಿರಲಿಲ್ಲ. ಅರ್ಧ ಮುಖ, ಒಂದು ಕೈ, ತಲೆಯ ಮೇಲ್ಭಾಗ ಹೋದ ಚಿತ್ರ. ಮೇಲೆ ಒಂದೇ ಬಣ್ಣ ಬಳಿದು, ದಪ್ಪ ಅಕ್ಷರ ಕೂರಿಸುತ್ತಿದ್ದರು. ನೋಡಲು ಬೆರಗು ಹುಟ್ಟಿಸುವ ಕೆಲಸ ಅದು, ಇವತ್ತಿಗೂ ವಿನ್ಯಾಸ ಕಲಿಯುವವರು ಅದನ್ನು ನೋಡುತ್ತಾರೆ. ಆದರೆ ಕತ್ತಲಲ್ಲಿ ಫೋಕಸ್ ಹಿಡಿದು, 12ರಲ್ಲಿ ಒಂದು ಗೆದ್ದು ತಂದ ಫೋಟೋದ ತಲೆ ಕತ್ತರಿಸಿದಾಗ ವುಲ್ಫ್‌ಗೆ ಬೇಸರವಾಗುತ್ತಿತ್ತು. ಹಾಗಂತ ಕೆಲಸ ನಿಲ್ಲಿಸಲಿಲ್ಲ. ಮುಂದಿನ ಧ್ವನಿಮುದ್ರಣಕ್ಕೆ ಮತ್ತೆ ಕ್ಯಾಮೆರಾ ಹಿಡಿದು ಹೋಗುತ್ತಿದ್ದರು.

ಇಬ್ಬರ ಕೆಲಸವೂ ಕೂಡಿ ಬಂದದ್ದಕ್ಕೆ ಜಾನ್ ಕೋಲ್ಟ್ರೇನ್ ಅವರ ಬ್ಲೂ ಟ್ರೇನ್ ಸಾಕ್ಷಿ. 1957ರ ಸೆಪ್ಟೆಂಬರ್‌ನಲ್ಲಿ ಹ್ಯಾಕನ್‌ಸ್ಯಾಕ್‌ನ ಆ ಹಜಾರದಲ್ಲೇ ಅದರ ಧ್ವನಿಮುದ್ರಣ ನಡೆಯಿತು. ಹೊದಿಕೆಯ ಮೇಲೆ ಕೋಲ್ಟ್ರೇನ್ ವಾದ್ಯ ನುಡಿಸುತ್ತಿಲ್ಲ. ತಲೆ ತಗ್ಗಿಸಿ, ಕೈ ತುಟಿಯ ಹತ್ತಿರ ಇಟ್ಟುಕೊಂಡು ಏನೋ ಯೋಚಿಸುತ್ತಿದ್ದಾರೆ. ನೀಲಿ ಬಣ್ಣದ ಆ ಚಿತ್ರ ಜಾಝ್‌ನ ಅತ್ಯಂತ ಹೆಚ್ಚು ಪರಿಚಿತ ಹೊದಿಕೆಗಳಲ್ಲಿ ಒಂದು.

ಮಾಲು ಓಡಿದ್ದೇ ತೊಂದರೆಯಾಯಿತು

1964ರಲ್ಲಿ ಲೀ ಮಾರ್ಗನ್ ಅವರ ದಿ ಸೈಡ್‌ವೈಂಡರ್ ಎಲ್‌ಪಿ ನಿರೀಕ್ಷೆ ಮೀರಿ ಓಡಿತು. ಸಣ್ಣ ಕಂಪನಿಗೆ ಇದು ಹಬ್ಬ ಆಗಬೇಕಿತ್ತು, ಆದರೆ ಕುತ್ತಿಗೆಗೆ ಬಂತು. ತಟ್ಟೆ ಒತ್ತಿಸಲು ಹಣ ಮೊದಲೇ ಹಾಕಬೇಕು. ವಿತರಕರು ಮಾಲು ಎತ್ತುತ್ತಾರೆ, ಹಣ ತಡ ಮಾಡುತ್ತಾರೆ, ಅಂಥದ್ದೇ ಇನ್ನೊಂದು ಕೊಡಿ ಅಂತ ಒತ್ತಾಯ ಬೇರೆ. ಉದ್ರಿ ಕೊಟ್ಟು ಕೈ ಸುಟ್ಟುಕೊಂಡ ಯಾವ ಅಂಗಡಿಯವರಿಗೂ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

1965ರಲ್ಲಿ ಬ್ಲೂ ನೋಟ್ ಅನ್ನು ಲಿಬರ್ಟಿ ರೆಕಾರ್ಡ್ಸ್ ಅನ್ನೋ ದೊಡ್ಡ ಕಂಪನಿಗೆ ಮಾರಿದರು. ಆರೋಗ್ಯ ಕೈಕೊಟ್ಟು 1967ರಲ್ಲಿ ಲಯನ್ ಹೊರಟುಹೋದರು. ವುಲ್ಫ್ ಮಾತ್ರ ಅಲ್ಲೇ ಉಳಿದರು. ತಾವೇ ಕಟ್ಟಿದ ಕಂಪನಿಯಲ್ಲಿ ಈಗ ಸಂಬಳದ ಕೆಲಸ. ಪಿಯಾನೋ ವಾದಕ ಡ್ಯೂಕ್ ಪಿಯರ್ಸನ್ ಜೊತೆ ಸೇರಿ ಧ್ವನಿಮುದ್ರಣದ ಹೊಣೆಯನ್ನೂ ಹೊತ್ತರು. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಬರ್ಲಿನ್ ಬಿಟ್ಟು ಬಂದು 31 ವರ್ಷ ಆಗಿತ್ತು. ಅಷ್ಟೂ ವರ್ಷ ಒಂದೇ ಕಂಪನಿ.

ಪೆಟ್ಟಿಗೆಯಲ್ಲಿ ಉಳಿದ ನೆಗೆಟಿವ್

ಒಂದು ಹೊದಿಕೆಗೆ ಬೇಕಾಗುವುದು ಒಂದೇ ಫೋಟೋ. ವುಲ್ಫ್ ತೆಗೆದದ್ದು ಸಾವಿರಾರು. ಬಳಕೆಯಾಗದೆ ಉಳಿದ ನೆಗೆಟಿವ್‌ಗಳನ್ನು ಅವರು ಎಸೆದಿರಲಿಲ್ಲ. ಮುಂದೆ ಅವು ಹಳೆ ಜಾಝ್ ಧ್ವನಿಮುದ್ರಿಕೆಗಳನ್ನು ಹುಡುಕಿ ಮರುಮುದ್ರಿಸುತ್ತಿದ್ದ ಮೊಸಾಯಿಕ್ ರೆಕಾರ್ಡ್ಸ್‌ನ ಮೈಕಲ್ ಕುಸ್ಕುನಾ ಮತ್ತು ಚಾರ್ಲಿ ಲೂರಿ ಅವರ ಕೈ ಸೇರಿದವು. 1995ರಲ್ಲಿ ಆ ಫೋಟೋಗಳ ದೊಡ್ಡ ಪುಸ್ತಕ ಬಂತು. ವುಲ್ಫ್ ತೀರಿಕೊಂಡು ಆಗಲೇ 24 ವರ್ಷ.

ಆ ಪುಸ್ತಕದಲ್ಲಿ ಯಾರೂ ತಲೆ ಕತ್ತರಿಸದ ಇಡೀ ಫೋಟೋಗಳನ್ನು ಜನ ನೋಡಿದರು. ಅದರೊಳಗಿನ ಎಷ್ಟೋ ಕಲಾವಿದರು ಎಳೆಯ ವಯಸ್ಸಿಗೇ ಹೋದವರು. ಕ್ಲಿಫರ್ಡ್ ಬ್ರೌನ್ 25ಕ್ಕೆ ರಸ್ತೆ ಅಪಘಾತದಲ್ಲಿ, ಸಾನಿ ಕ್ಲಾರ್ಕ್ 31ಕ್ಕೆ, ಲೀ ಮಾರ್ಗನ್ 33ಕ್ಕೆ, ಕೋಲ್ಟ್ರೇನ್ 40ಕ್ಕೆ. ಅವರ ಸಂಗೀತ ಟೇಪಿನಲ್ಲಿ ಉಳಿದಿತ್ತು. ಅದನ್ನು ನುಡಿಸುವಾಗ ಅವರ ಬೆರಳು ಹೇಗೆ ಕೂತಿತ್ತು, ಸರದಿಗೆ ಕಾಯುವಾಗ ಮುಖ ಹೇಗಿತ್ತು ಅನ್ನುವುದು ಆ ನೆಗೆಟಿವ್‌ಗಳಲ್ಲಿತ್ತು. ಪುಸ್ತಕದ ರಟ್ಟಿನ ಮೇಲೆ, ಕಂಪನಿಯ ಹೆಸರಿನ ಜೊತೆಗೆ, ಫ್ರಾನ್ಸಿಸ್ ವುಲ್ಫ್ ಅಂತ ಅವರ ಹೆಸರೂ ಅಚ್ಚಾಗಿತ್ತು.