ಪಂಡಿತಾ ರಮಾಬಾಯಿ: ಹಸಿದವರ ಮನೆಗೆ ಇಳಿದ ಅಗ್ನಿ

ಉಜ್ಜೀವನ ಬೇಕು ಅಂತ ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ನಾವೆಲ್ಲ ಕಣ್ಣೀರಿಟ್ಟು ಕೂಗಿದ್ವಿ. ಅದಕ್ಕೇ ಇವತ್ತು ಒಬ್ಬ ತಾಯಿಯ ಜೀವನ ಹೇಳ್ತೀನಿ.

ನಮ್ಮ ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಎರಡೂ ಹುಟ್ಟೋದು ಗಂಗಾಮೂಲದಲ್ಲಿ. 1858ರಲ್ಲಿ ಪಂಡಿತಾ ರಮಾಬಾಯಿ ಹುಟ್ಟಿದ್ದೂ ಅದೇ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಜನರ ವಿರೋಧದ ನಡುವೆ ಹೆಂಡತಿಗೆ ಸಂಸ್ಕೃತ ಕಲಿಸಿದರು. ಆ ತಾಯಿ ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದರು. ಊರೂರಿಗೆ ಪುರಾಣ ಹೇಳ್ತಾ ನಡೆದ ಕುಟುಂಬ ಅದು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಹಸಿವಿನಿಂದ ತೀರಿಕೊಂಡರು. ಉಳಿದವರು ಆಕೆ ಮತ್ತು ಅಣ್ಣ. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಪಂಡಿತಾ ಅನ್ನೋ ಬಿರುದು ಕೊಟ್ಟರು. ಆಮೇಲೆ ಅಣ್ಣನೂ ಹೋದರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ ಕಾಲರಾಕ್ಕೆ ಬಲಿಯಾದರು. ಕೈಯಲ್ಲಿ ಹಸುಗೂಸು ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಫುಲ್ಹಮ್‌ನಲ್ಲಿ, ಸಮಾಜ ಬೀದಿಗೆ ತಳ್ಳಿದ್ದ ಹೆಂಗಸರನ್ನ ಕ್ರೈಸ್ತ ಸಹೋದರಿಯರು ಮನೆಮಕ್ಕಳ ಹಾಗೆ ನೋಡಿಕೊಳ್ತಿದ್ದರು. ಇವರ ಮೇಲೆ ಇಷ್ಟು ಪ್ರೀತಿ ಯಾಕೆ ಅಂತ ರಮಾಬಾಯಿ ಕೇಳಿದರು. ಯೋಹಾನ 4ನೇ ಅಧ್ಯಾಯದ ಸಮಾರ್ಯದ ಸ್ತ್ರೀಯ ಕಥೆಯೇ ಉತ್ತರ. ಆ ವರ್ಷವೇ ದೀಕ್ಷಾಸ್ನಾನ ಪಡೆದರು. ಗಮನಿಸಿ ಪ್ರಿಯರೇ, ಅಷ್ಟು ದೊಡ್ಡ ಪಂಡಿತೆಯ ಮನಸ್ಸು ಕರಗಿದ್ದು ಇಂಥ ಸೇವೆ ನೋಡಿ!

1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಪುಣೆಗೆ ಬಂದರು. ಕೆಲವು ಹುಡುಗಿಯರು ಕ್ರಿಸ್ತನ ಕಡೆ ತಿರುಗಿದಾಗ, ಹೊಗಳಿದ್ದವರೇ ಕೈಬಿಟ್ಟರು. ಆಕೆ ನಿಲ್ಲಿಸಲಿಲ್ಲ. 1896ರಲ್ಲಿ ಮಧ್ಯಪ್ರಾಂತಕ್ಕೆ ಬರ ಬಂತು. ಹಸಿವು ಏನು ಅಂತ ಗೊತ್ತಿದ್ದ ಹೆಂಗಸು ಅಲ್ಲಿಗೇ ಹೋಗಿ ನೂರಾರು ಹೆಣ್ಣುಮಕ್ಕಳನ್ನ ಕರೆತಂದರು. ಪುಣೆ ಹತ್ತಿರದ ಕೇಡಗಾವ್‌ನಲ್ಲಿ ಮುಕ್ತಿ ಅನ್ನೋ ಊರೇ ಎದ್ದಿತು: ಬೇಸಾಯ, ನೇಯ್ಗೆ, ಅಚ್ಚುಕೂಟ, ಕುರುಡರಿಗೆ ಪಾಠ. ಬೀದಿಗೆ ಬಿದ್ದ ಹೆಂಗಸರಿಗೆ ಕೃಪಾ ಸದನ. ಫುಲ್ಹಮ್‌ನಲ್ಲಿ ಕಂಡದ್ದು ನಮ್ಮ ನೆಲಕ್ಕೆ ಬಂತು.

1905ರ ಜನವರಿಯಲ್ಲಿ ಸುಮಾರು 70 ಮಂದಿ ದಿನಾ ಪ್ರಾರ್ಥನೆಗೆ ಕೂತರು. ಆಮೇಲೆ ನೂರಾರು ಮಂದಿ ಸೇರಿಕೊಂಡರು. ಜೂನ್ ಕೊನೆಯಲ್ಲಿ ಪವಿತ್ರಾತ್ಮನು ಇಳಿದು ಬಂದನು. ಹಲ್ಲೆಲೂಯಾ! ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಕೂಟಗಳು ಶುರುವಾಗಿದ್ದು ಅದರ ಮರುವರ್ಷ. ಆತ್ಮನು ಇಳಿದ ಆ ಮನೆಯಲ್ಲಿ ಯಾರಿದ್ದರು? ವಿಧವೆಯರು, ಅನಾಥರು, ಬರದಿಂದ ಬದುಕುಳಿದವರು.

1922ರ ಏಪ್ರಿಲ್ 5ರಂದು ರಮಾಬಾಯಿ ಕರ್ತನಲ್ಲಿ ನಿದ್ರೆಹೋದರು. ಮುಕ್ತಿ ಇಂದಿಗೂ ನಡೀತಿದೆ.

ಈಗ ನಮ್ಮ ವಿಷಯ. ಭದ್ರಾವತಿಯಲ್ಲಿ ಪೇಪರ್ ಮಿಲ್ ನಿಂತು ವರ್ಷಗಳಾದವು. ಕೆಲಸ ಹೋದ ಮನೆಗಳಲ್ಲಿ ಸಾಲ ಇದೆ, ಕುಡಿತ ಇದೆ. ನಾನೇ ಒಪ್ಪಿಕೊಳ್ತೀನಿ: ಹೋದ ತಿಂಗಳು ಪೇಪರ್ ಟೌನ್‌ನಲ್ಲಿ ಕರಪತ್ರ ಕೊಡುವಾಗ ಒಬ್ಬ ಅಜ್ಜಿ ಕೂತ್ಕೊಳಪ್ಪಾ ಅಂದ್ರು. ಪ್ರಾರ್ಥನಾ ಕೂಟಕ್ಕೆ ಲೇಟಾಗುತ್ತೆ ಅಂತ ಬೈಕ್ ಹತ್ತಿ ಬಂದುಬಿಟ್ಟೆ. ಯೇಸು ಬಾವಿ ಹತ್ತಿರ ಕೂತಿದ್ದನು. ನಾನು ಕೂರಲಿಲ್ಲ.

ಈ ಶನಿವಾರ ಆ ಬೀದಿಗೆ ಹೋಗೋಣ. ಅಕ್ಕಿ ತನ್ನಿ, ಸಮಯವನ್ನೂ ತನ್ನಿ. ಆ ಅಜ್ಜಿಯ ಮನೆಯಲ್ಲಿ ನಾನು ಕೂರ್ತೀನಿ. ಈಗ ಎದ್ದು ನಿಂತು ಪ್ರಾರ್ಥಿಸೋಣ. ಆಮೆನ್.