ವ್ಯಕ್ತಿ ಪರಿಚಯ: ಪರದೇಶದಲ್ಲಿ ಮನೆ ಸಿಕ್ಕ ಡಾ. ಆನಂದಿಬಾಯಿ ಜೋಶಿ



ನಮ್ಮೂರಲ್ಲಿ ಏಳನೇ ತರಗತಿ ತನಕ ಮಾತ್ರ ಶಾಲೆ ಇದೆ. ಮುಂದೆ ಓದಬೇಕಾದವರು ಪರ ಊರಿಗೆ ಹೋಗಬೇಕು. ಕೆಲವರು ಅಲ್ಲೇ ನೆಂಟರ ಮನೇಲೋ ಹಾಸ್ಟೆಲಿನಲ್ಲೋ ಇರಬೇಕಾಗುತ್ತೆ. ಹೋದ ತಿಂಗಳು ನಮ್ಮ ತರಗತಿಯಲ್ಲಿ ಇದೇ ಮಾತು ನಡೀತಿತ್ತು. ಬೇರೆಯವರ ಮನೇಲಿ ಇದ್ದು ಓದೋದು ಹೇಗೆ, ಅಲ್ಲಿನ ಊಟ ಸೇರುತ್ತಾ, ಹುಷಾರಿಲ್ಲದಿದ್ರೆ ಯಾರು ನೋಡ್ಕೊಳ್ತಾರೆ ಅಂತ ಎಲ್ಲರಿಗೂ ಒಳಗೊಳಗೇ ಭಯ. ಆಗ ನಮ್ಮ ಮೇಷ್ಟ್ರು ಒಬ್ಬ ಹುಡುಗಿಯ ಬಗ್ಗೆ ಹೇಳಿದರು. ಆಕೆ 1883ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಗುರುತು ಪರಿಚಯ ಇಲ್ಲದವರ ಮನೆಯಲ್ಲಿ ಇಳಿದು, ಡಾಕ್ಟರ್ ಆದವರು. ಅವರೇ ಆನಂದಿಬಾಯಿ ಜೋಶಿ. ಈ ಸಲದ ವ್ಯಕ್ತಿ ಪರಿಚಯದಲ್ಲಿ ಅವರ ಬಗ್ಗೆ ಬರೆದಿದ್ದೇನೆ.

ಬಾಲ್ಯ ಮತ್ತು ಮದುವೆ

ಆನಂದಿಬಾಯಿಯವರು 1865ನೇ ಇಸವಿ ಮಾರ್ಚ್ 31ರಂದು ಜನಿಸಿದರು. ಅವರದು ಮುಂಬಯಿ ಹತ್ತಿರದ ಕಲ್ಯಾಣ ಎಂಬ ಊರಿನ ಕುಟುಂಬ. ತಂದೆ ತಾಯಿ ಇಟ್ಟ ಹೆಸರು ಯಮುನಾ. 9 ವರ್ಷಕ್ಕೇ ಮದುವೆ ಆಯಿತು. ಗಂಡ ಗೋಪಾಲರಾವ್ ಜೋಶಿ ಅಂಚೆ ಇಲಾಖೆಯಲ್ಲಿ ಗುಮಾಸ್ತರು. ಅವರ ಮೊದಲನೇ ಹೆಂಡತಿ ತೀರಿಕೊಂಡಿದ್ದರು. ವಯಸ್ಸಿನಲ್ಲಿ ಆನಂದಿಬಾಯಿಗಿಂತ ಸುಮಾರು 20 ವರ್ಷ ದೊಡ್ಡವರು. ಆನಂದಿ ಅಂತ ಹೆಸರು ಬದಲಾಯಿಸಿದವರೂ ಅವರೇ.

ಆ ಕಾಲದಲ್ಲಿ ಹೆಂಡತಿಗೆ ಅಕ್ಷರ ಕಲಿಸುವ ಗಂಡಂದಿರು ತೀರಾ ಕಡಿಮೆ. ಗೋಪಾಲರಾವ್ ಮಾತ್ರ ಹೆಂಡತಿ ಓದಲೇಬೇಕು ಅಂತ ಹಟ ಹಿಡಿದವರು. ಆದರೆ ಅವರ ಹಟ ಒಳ್ಳೆಯದರ ಜೊತೆ ಕೆಟ್ಟದ್ದನ್ನೂ ತಂದಿತ್ತು. ಪಾಠ ಓದಲಿಲ್ಲ ಅಂತ ಆ ಸಣ್ಣ ಹುಡುಗಿಯನ್ನು ಹೊಡೆಯುತ್ತಿದ್ದರು. ಮುಂದೆ ಅಮೆರಿಕದಿಂದ ಬರೆದ ಒಂದು ಪತ್ರದಲ್ಲಿ ಆನಂದಿಬಾಯಿಯವರು ಆ ಏಟುಗಳನ್ನು ಮುಚ್ಚಿಡದೆ ಗಂಡನಿಗೇ ನೆನಪು ಮಾಡಿಕೊಟ್ಟಿದ್ದಾರೆ. ಓದಿಸಿದ್ದಕ್ಕೆ ಕೃತಜ್ಞತೆಯೂ ಇತ್ತು, ನೋವೂ ಇತ್ತು.

14ನೇ ವಯಸ್ಸಿಗೆ ಆನಂದಿಬಾಯಿಗೆ ಒಂದು ಗಂಡು ಮಗು ಆಯಿತು. ಮಗು ಬದುಕಿದ್ದು ಹತ್ತೇ ದಿನ. ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಆಗ ಹೆಂಗಸರು ತಮ್ಮ ಕಾಯಿಲೆಯನ್ನು ಗಂಡಸು ವೈದ್ಯರ ಹತ್ತಿರ ಹೇಳಿಕೊಳ್ಳೋಕೆ ನಾಚಿಕೆ ಪಡುತ್ತಿದ್ದರು. ಹೆಂಗಸು ಡಾಕ್ಟರು ನಮ್ಮವರಲ್ಲಿ ಇರಲೇ ಇಲ್ಲ. ತಾನೇ ಡಾಕ್ಟರ್ ಆಗಬೇಕು ಅಂತ ಆನಂದಿಬಾಯಿ ಗಟ್ಟಿ ಮನಸ್ಸು ಮಾಡಿದರು.

ಎರಡು ಪತ್ರಗಳು

ಗೋಪಾಲರಾವ್ ಕೊಲ್ಹಾಪುರದಲ್ಲಿ ಕೆಲಸದಲ್ಲಿದ್ದಾಗ, ಹೆಂಡತಿಯನ್ನು ಓದಿಸಲು ಸಹಾಯ ಬೇಡಿ ಅಮೆರಿಕದ ರಾಯಲ್ ವೈಲ್ಡರ್ ಎಂಬ ಮಿಶನರಿಗೆ ಪತ್ರ ಬರೆದರು. ಗಂಡ ಹೆಂಡತಿ ಇಬ್ಬರೂ ಮತ ಬದಲಾಯಿಸಿದರೆ ಸಹಾಯ ಮಾಡಬಹುದು ಎಂಬ ಅರ್ಥದ ಉತ್ತರ ಬಂತು. ಇವರು ಒಪ್ಪಲಿಲ್ಲ. ವೈಲ್ಡರ್ ಆ ಪತ್ರಗಳನ್ನು ಪ್ರಿನ್ಸ್‌ಟನ್ ಊರಿನಿಂದ ಹೊರಡಿಸುತ್ತಿದ್ದ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ವಿಷಯ ಅಲ್ಲಿಗೇ ಮುಗಿದುಹೋಯಿತು ಅಂತ ಎಲ್ಲರೂ ಅಂದುಕೊಂಡಿರಬೇಕು.

ಆದರೆ 1880ರಲ್ಲಿ ನ್ಯೂಜೆರ್ಸಿ ರಾಜ್ಯದ ರೊಸೆಲ್ ಎಂಬ ಊರಿನ ಒಬ್ಬ ಗೃಹಿಣಿ, ಹಲ್ಲಿನ ಡಾಕ್ಟರ್ ಹತ್ತಿರ ಸರದಿಗೆ ಕಾಯುತ್ತಾ ಕೂತಿದ್ದಾಗ ಅಲ್ಲಿ ಬಿದ್ದಿದ್ದ ಆ ಪತ್ರಿಕೆ ಕೈಗೆತ್ತಿಕೊಂಡರು. ಅವರ ಹೆಸರು ಥಿಯೊಡೋಸಿಯಾ ಕಾರ್ಪೆಂಟರ್. ದೂರದ ದೇಶದ ಒಬ್ಬ ಹುಡುಗಿಗೆ ಡಾಕ್ಟರ್ ಓದಬೇಕು ಅನ್ನೋ ಆಸೆ ಇದೆ, ದಾರಿ ಇಲ್ಲ ಅನ್ನೋದು ಅವರ ಮನಸ್ಸಿಗೆ ತಟ್ಟಿತು. ಅಮೆರಿಕಕ್ಕೆ ಬಂದರೆ ತಮ್ಮ ಮನೆಯಲ್ಲೇ ಇರಬಹುದು ಅಂತ ಅವರು ಪತ್ರ ಬರೆದರು. ಯಾವ ಷರತ್ತೂ ಹಾಕಲಿಲ್ಲ.

ಅಲ್ಲಿಂದ ಮುಂದೆ ಇಬ್ಬರ ನಡುವೆ ಪತ್ರಗಳ ಮೇಲೆ ಪತ್ರಗಳು ಓಡಾಡಿದವು. ಹಡಗಿನಲ್ಲಿ ಹೋಗುವ ಪತ್ರ ತಲುಪೋಕೆ ವಾರಗಟ್ಟಲೆ ಬೇಕು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆದರೂ ಆನಂದಿಬಾಯಿ ಅವರನ್ನು ಚಿಕ್ಕಮ್ಮ ಅಂತ ಕರೆಯೋಕೆ ಶುರು ಮಾಡಿದರು. ಆನಂದಿಬಾಯಿಗೆ ಆಗಲೇ ತಲೆನೋವು, ಸುಸ್ತು, ಆಗಾಗ್ಗೆ ಜ್ವರ, ಉಸಿರಾಟದ ತೊಂದರೆ ಇತ್ತು. ಅದು ಗೊತ್ತಾದ ಕೂಡಲೇ ಕಾರ್ಪೆಂಟರ್ ಅಮ್ಮ ಅಮೆರಿಕದಿಂದಲೇ ಔಷಧಿ ಕಳಿಸಿದರು.

ಹೊರಡುವ ಮೊದಲು

ಗೋಪಾಲರಾವ್ ಅವರಿಗೆ ಕಲ್ಕತ್ತಾ ಕಡೆಗೆ, ಆಮೇಲೆ ಶ್ರೀರಾಂಪುರಕ್ಕೆ ವರ್ಗವಾಯಿತು. ಗಂಡ ಹೆಂಡತಿ ಜೊತೆಯಾಗಿ ರಸ್ತೆಯಲ್ಲಿ ನಡೆದರೆ ಜನ ಹಂಗಿಸಿ ನಗುತ್ತಿದ್ದರು. ಹೆಂಗಸು ಒಬ್ಬಳೇ ಸಮುದ್ರ ದಾಟಿ ಹೋಗ್ತಾಳಂತೆ ಅನ್ನೋ ಸುದ್ದಿ ಹಬ್ಬಿದ ಮೇಲಂತೂ ಕೇಳೋದೇ ಬೇಡ. ಆಗ ಸಮುದ್ರ ದಾಟಿದವರನ್ನು ಜಾತಿಯಿಂದ ಹೊರಗೆ ಹಾಕುತ್ತಿದ್ದರು.

1883ರ ಫೆಬ್ರವರಿ 24ರಂದು ಶ್ರೀರಾಂಪುರ ಕಾಲೇಜಿನ ಸಭಾಂಗಣದಲ್ಲಿ ಆನಂದಿಬಾಯಿ ಎಲ್ಲರ ಮುಂದೆ ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಯಾಕೆ ಹೋಗ್ತೀಯ, ಇಲ್ಲೇ ಓದೋಕೆ ಆಗಲ್ವಾ, ಒಬ್ಬಳೇ ಯಾಕೆ, ಜಾತಿಯವರು ಹೊರಗೆ ಹಾಕಿದರೆ ಏನು ಮಾಡ್ತೀಯ ಅಂತ ಜನ ಕೇಳುತ್ತಿದ್ದ ಪ್ರಶ್ನೆಗಳನ್ನೇ ಒಂದೊಂದಾಗಿ ತೆಗೆದುಕೊಂಡು ಉತ್ತರ ಹೇಳಿದರು. ಹೋಗುವಾಗ ಹೇಗೆ ಹಿಂದೂ ಆಗಿ ಹೋಗುತ್ತೇನೋ ಬರುವಾಗಲೂ ಹಾಗೇ ಬರುತ್ತೇನೆ, ನನ್ನ ನಡೆ ನುಡಿ ಬಿಡುವುದಿಲ್ಲ ಅಂತ ಸ್ಪಷ್ಟವಾಗಿ ತಿಳಿಸಿದರು. ದೇಶಕ್ಕೆ ಹೆಂಗಸು ಡಾಕ್ಟರುಗಳು ಎಷ್ಟು ಅಗತ್ಯ ಅಂತ ವಿವರಿಸಿದರು. ಭಾಷಣದ ಸುದ್ದಿ ಹರಡಿ ದೇಶದ ಬೇರೆ ಬೇರೆ ಕಡೆಯಿಂದ ಜನ ಹಣ ಸಹಾಯ ಮಾಡಿದರು. ನಗುವ ಜನರಿದ್ದ ಹಾಗೆ ಕೊಡುವ ಜನರೂ ಇದ್ದರು.

ಏಪ್ರಿಲ್ 7ರಂದು ಕಲ್ಕತ್ತಾದಿಂದ ಹಡಗು ಹೊರಟಿತು. ಆನಂದಿಬಾಯಿಗೆ 18 ವರ್ಷ ತುಂಬಿ ಒಂದು ವಾರ ಆಗಿತ್ತು ಅಷ್ಟೇ. ಗಂಡ ಜೊತೆಗೆ ಹೋಗಲಿಲ್ಲ. ಪರಿಚಯದ ಮಿಶನರಿ ಹೆಂಗಸರು ಇದ್ದರು. ಸುಮಾರು ಎರಡು ತಿಂಗಳ ಪ್ರಯಾಣ. ಜೂನ್ 4ರಂದು ನ್ಯೂಯಾರ್ಕ್ ಬಂದರಿನಲ್ಲಿ ಇಳಿದಾಗ, ಪತ್ರದ ಚಿಕ್ಕಮ್ಮ ಎದುರಿಗೇ ಬಂದು ನಿಂತಿದ್ದರು!

ರೊಸೆಲ್‌ನ ಮನೆ

ಸ್ನೇಹಿತರೇ, ನನಗೆ ಈ ಕಥೆಯಲ್ಲಿ ತುಂಬಾ ಇಷ್ಟ ಆಗಿದ್ದು ಈ ಭಾಗ. ಕಾರ್ಪೆಂಟರ್ ಅವರ ಧರ್ಮ ಬೇರೆ, ಊಟ ಬೇರೆ, ಭಾಷೆ ಬೇರೆ. ಆನಂದಿಬಾಯಿ ಮಾಂಸ ತಿನ್ನುವವರಲ್ಲ. ಹಣೆಗೆ ಕುಂಕುಮ, ಮೈಗೆ ಸೀರೆ ಬಿಟ್ಟವರಲ್ಲ. ಆ ಮನೆಯವರು ಬಿಡು ಅಂತ ಹೇಳಲೂ ಇಲ್ಲ. ತನ್ನ ಊಟ ತಾನೇ ಮಾಡಿಕೊಳ್ಳಲು ಅಡಿಗೆ ಮನೆ ಬಿಟ್ಟುಕೊಟ್ಟರು. ಮಕ್ಕಳ ಜೊತೆ ಇನ್ನೊಬ್ಬ ಮಗಳ ಹಾಗೆ ನೋಡಿಕೊಂಡರು. ಆ ಬೇಸಿಗೆ ಆನಂದಿಬಾಯಿ ಅಲ್ಲೇ ಕಳೆದರು.

ಸೀರೆಯದೇ ಒಂದು ದೊಡ್ಡ ಸಮಸ್ಯೆ ಆಯಿತು. ಮಹಾರಾಷ್ಟ್ರದ ಒಂಬತ್ತು ಗಜದ ಕಚ್ಚೆ ಸೀರೆ ಉಟ್ಟರೆ ಮೀನಖಂಡ, ಸೊಂಟ ಚಳಿಗೆ ಬಯಲಾಗುತ್ತೆ. ಅಮೆರಿಕದಲ್ಲಿ ಮಂಜು ಬೀಳುವ ಚಳಿ. ಅಲ್ಲಿಯ ಗೌನು ಹಾಕಿಕೊಂಡರೆ ಊರಲ್ಲಿ ಕೊಟ್ಟ ಮಾತು ಹೋಗುತ್ತೆ. ಕೊನೆಗೆ ಮೈ ಪೂರ್ತಿ ಮುಚ್ಚುವಂತೆ ಗುಜರಾತಿ ರೀತಿಯಲ್ಲಿ ಸೀರೆ ಉಡೋಕೆ ಶುರು ಮಾಡಿದರು. ಸೀರೆಯೂ ಉಳಿಯಿತು, ಚಳಿಗೂ ಆಯಿತು.

ಫಿಲಡೆಲ್ಫಿಯಾದ ಕೋಣೆ

ಫಿಲಡೆಲ್ಫಿಯಾ ನಗರದಲ್ಲಿ ಹೆಂಗಸರಿಗೆಂದೇ ಒಂದು ವೈದ್ಯಕೀಯ ಕಾಲೇಜು ಇತ್ತು. ಅದು 1850ರಲ್ಲಿ ಶುರುವಾದದ್ದು. ಅದರ ಮುಖ್ಯಸ್ಥೆ ರೇಚಲ್ ಬಾಡ್ಲಿ ಆನಂದಿಬಾಯಿಯವರನ್ನು ಸೇರಿಸಿಕೊಂಡರು. ವಿದ್ಯಾರ್ಥಿ ವೇತನವೂ ಸಿಕ್ಕಿತು. ಆದರೆ ರೊಸೆಲ್ ಮನೆ ಬಿಟ್ಟು ಕಾಲೇಜಿನ ಊರಿನಲ್ಲಿ ಕೋಣೆ ಹಿಡಿಯಬೇಕಾಯಿತು.

ಆ ಕೋಣೆಯ ಬೆಂಕಿಗೂಡು ಸರಿ ಇರಲಿಲ್ಲ. ಬೆಂಕಿ ಹಾಕಿದರೆ ಕೋಣೆ ತುಂಬಾ ಹೊಗೆ. ಹಾಕದಿದ್ದರೆ ಮೈ ಕೊರೆಯುವ ಚಳಿ. ಹೊಗೆ ಬೇಕೋ ಚಳಿ ಬೇಕೋ ಅಂತ ದಿನಾ ಆರಿಸಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಹಸಿ ಸೌದೆ ಹಾಕಿದಾಗ ಹೇಗಿರುತ್ತೆ ಅಂತ ನಮಗೆಲ್ಲ ಗೊತ್ತು. ಅದರಲ್ಲೇ ಅಡಿಗೆ, ಅದರಲ್ಲೇ ರಾತ್ರಿ ಓದು. ಊಟವೂ ಸರಿಯಾಗಿ ಆಗುತ್ತಿರಲಿಲ್ಲ. ಮೊದಲೇ ಸೊರಗಿದ್ದ ಮೈ ಇನ್ನಷ್ಟು ಇಳಿಯಿತು. ಅಲ್ಲೇ ಅವರಿಗೆ ಕ್ಷಯ ರೋಗ ಅಂಟಿಕೊಂಡಿತು. ಕ್ಷಯ ಒಂದು ರೋಗಾಣುವಿನಿಂದ ಬರುತ್ತೆ ಅಂತ ಜರ್ಮನಿಯ ರಾಬರ್ಟ್ ಕಾಕ್ 1882ರಲ್ಲಿ, ಅಂದರೆ ಒಂದು ವರ್ಷ ಮುಂಚೆ ತಾನೇ ಕಂಡುಹಿಡಿದಿದ್ದರು. ಆದರೆ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಔಷಧಿ ಸಿಕ್ಕಿದ್ದು 1943ರಲ್ಲಿ. ಅಲ್ಲಿ ತನಕ ಕ್ಷಯ ಬಂದವರಿಗೆ ವಿಶ್ರಾಂತಿ, ಒಳ್ಳೆ ಗಾಳಿ, ಒಳ್ಳೆ ಊಟ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಇವೇ ಮೂರೂ ಆ ಕೋಣೆಯಲ್ಲಿ ಇರಲಿಲ್ಲ.

ಕಾಲೇಜಿನಲ್ಲಿ ಬೇರೆ ದೇಶದ ಗೆಳತಿಯರೂ ಸಿಕ್ಕಿದರು. ಜಪಾನಿನ ಕೇಯಿ ಓಕಾಮಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ ಮತ್ತು ಆನಂದಿಬಾಯಿ, ಮೂವರೂ ತಮ್ಮ ತಮ್ಮ ದೇಶದ ಉಡುಪಿನಲ್ಲಿ ಕೂತು 1885ರಲ್ಲಿ ತೆಗೆಸಿಕೊಂಡ ಒಂದು ಫೋಟೋ ಇದೆ. ಅದನ್ನು ನಮ್ಮ ಮೇಷ್ಟ್ರು ತೋರಿಸಿದರು. ಮೂವರೂ ಮನೆಯಿಂದ ಅಷ್ಟು ದೂರ ಇದ್ದವರೇ.

ಪದವಿ

1886ರ ಮಾರ್ಚ್ 11ರಂದು ಆನಂದಿಬಾಯಿ ಎಂ.ಡಿ. ಪದವಿ ಪಡೆದರು. ಆಗ ಅವರಿಗೆ 21 ಇನ್ನೂ ತುಂಬಿರಲಿಲ್ಲ. ಅವರು ಬರೆದ ಪ್ರಬಂಧ ನಮ್ಮ ದೇಶದ ಹಿಂದಿನ ಹೆರಿಗೆ ವೈದ್ಯದ ಬಗ್ಗೆ. ಅಷ್ಟರಲ್ಲಿ ಗೋಪಾಲರಾವ್ ಕೂಡ ಅಮೆರಿಕಕ್ಕೆ ಬಂದಿದ್ದರು. ಸಮಾರಂಭಕ್ಕೆ ಇಂಗ್ಲೆಂಡಿನಿಂದ ಅವರ ದೂರದ ಬಂಧು ಪಂಡಿತಾ ರಮಾಬಾಯಿ ಬಂದಿದ್ದರು. ಈ ರಮಾಬಾಯಿ ಹುಟ್ಟಿದ್ದು ನಮ್ಮ ಕರ್ನಾಟಕದಲ್ಲಿ, ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಇದನ್ನು ಓದಿದಾಗ ನನಗೆ ತುಂಬಾ ಹೆಮ್ಮೆ ಆಯಿತು. ಅದೇ 1886ರಲ್ಲಿ ಕಲ್ಕತ್ತಾದಲ್ಲಿ ಕಾದಂಬಿನಿ ಗಂಗೂಲಿ ಎಂಬುವರೂ ಡಾಕ್ಟರ್ ಆದರು. ಭಾರತದ ಹೆಣ್ಣುಮಕ್ಕಳಲ್ಲಿ ಪಾಶ್ಚಾತ್ಯ ವೈದ್ಯ ಓದಿದವರಲ್ಲಿ ಇವರಿಬ್ಬರೇ ಮೊದಲಿಗರು.

ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಆನಂದಿಬಾಯಿಯವರನ್ನೇ ಡಾಕ್ಟರ್ ಆಗಿ ನೇಮಿಸಿದರು. 1886ರ ನವೆಂಬರಿನಲ್ಲಿ ಅವರು ಮುಂಬಯಿಗೆ ಬಂದು ಇಳಿದರು. ಆದರೆ ಕಾಯಿಲೆ ಬಹಳ ಮುಂದುವರಿದಿತ್ತು. ಕೊಲ್ಹಾಪುರದ ಕೆಲಸಕ್ಕೆ ಹೋಗಲಿಕ್ಕೆ ಆಗಲೇ ಇಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು. 22 ತುಂಬೋಕೆ ಒಂದು ತಿಂಗಳು ಬಾಕಿ ಇತ್ತು.

ಅವರ ಚಿತಾಭಸ್ಮವನ್ನು ಅಮೆರಿಕಕ್ಕೆ, ಕಾರ್ಪೆಂಟರ್ ಅಮ್ಮನಿಗೆ ಕಳಿಸಿಕೊಟ್ಟರು. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಎಂಬ ಊರಿನಲ್ಲಿ ತಮ್ಮ ಕುಟುಂಬದವರ ಸಮಾಧಿಗಳ ನಡುವೆಯೇ ಅವರು ಅದಕ್ಕೆ ಜಾಗ ಕೊಟ್ಟರು. ಅದು ಈಗಲೂ ಅಲ್ಲಿದೆ. ಶುಕ್ರ ಗ್ರಹದ ಮೇಲಿನ ಒಂದು ಕುಳಿಗೂ ವಿಜ್ಞಾನಿಗಳು ಅವರ ಹೆಸರು ಇಟ್ಟಿದ್ದಾರೆ.

ನನಗೆ ಅನಿಸಿದ್ದು

ಆನಂದಿಬಾಯಿ ಒಬ್ಬ ರೋಗಿಯನ್ನೂ ನಮ್ಮ ದೇಶದಲ್ಲಿ ಡಾಕ್ಟರಾಗಿ ನೋಡಲು ಆಗಲಿಲ್ಲವಲ್ಲ, ಅಷ್ಟು ಕಷ್ಟಪಟ್ಟು ಏನು ಬಂತು ಅಂತ ನಮ್ಮ ತರಗತಿಯಲ್ಲಿ ಒಬ್ಬರು ಕೇಳಿದರು. ನನಗೂ ಮೊದಲು ಹಾಗೇ ಅನಿಸಿತು. ಆದರೆ ಹೆಣ್ಣುಮಗಳು ಹೋಗಿ ಓದಿ ಬರಬಹುದು ಅಂತ ಅವರು ತೋರಿಸಿಕೊಟ್ಟರು. ಎರಡೇ ವರ್ಷದಲ್ಲಿ, 1889ರಲ್ಲಿ, ರಖಮಾಬಾಯಿ ಎಂಬುವರು ವೈದ್ಯ ಓದಲು ಲಂಡನ್ನಿಗೆ ಹೋದರು. ಡಾಕ್ಟರ್ ಆಗಿ ವಾಪಸು ಬಂದು ಸೂರತ್ತಿನಲ್ಲಿ ಬಹಳ ವರ್ಷ ಹೆಂಗಸರಿಗೆ ಚಿಕಿತ್ಸೆ ಕೊಟ್ಟರು.

ಇನ್ನೊಂದು ಮಾತು. ಬುದ್ಧಿ, ಹಟ, ಧೈರ್ಯ ಎಲ್ಲಾ ಆನಂದಿಬಾಯಿಗೆ ಇತ್ತು. ರೊಸೆಲ್ ಮನೆಯಲ್ಲೂ ಅದೇ ಹುಡುಗಿ, ಫಿಲಡೆಲ್ಫಿಯಾ ಕೋಣೆಯಲ್ಲೂ ಅದೇ ಹುಡುಗಿ. ಒಂದು ಕಡೆ ನೋಡಿಕೊಳ್ಳೋರು ಇದ್ದರು, ಇನ್ನೊಂದು ಕಡೆ ಒಲೆ ಸರಿ ಮಾಡಿಸೋರು ಇರಲಿಲ್ಲ.

ಆದ್ದರಿಂದ ಮುಂದಿನ ವರ್ಷ ಪರ ಊರಿಗೆ ಹೋಗೋ ಗೆಳತಿಯರೇ, ಗೆಳೆಯರೇ, ಅಲ್ಲಿ ಹುಷಾರಿಲ್ಲದಿದ್ದರೆ, ಮಲಗೋ ಜಾಗ ಸರಿ ಇಲ್ಲದಿದ್ದರೆ ಸಂಕೋಚ ಮಾಡಬೇಡಿ, ಮನೆಗೆ ಹೇಳಿ, ಮೇಷ್ಟ್ರಿಗೆ ಹೇಳಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಕ್ಷಯಕ್ಕೆ ಈಗ ಔಷಧಿ ಇದೆ, ದುಡ್ಡು ಕೊಡಬೇಕಾಗಿಲ್ಲ. ಊರಲ್ಲೇ ಉಳಿಯೋರಿಗೂ ಒಂದು ಮಾತು. ನಮ್ಮ ಮನೆಗೆ ಯಾರಾದರೂ ಓದೋಕೆ ಅಂತ ಬಂದು ಉಳಿದರೆ, ಅವರು ಯಾವ ಜಾತಿ, ಏನು ತಿಂತಾರೆ ಅಂತ ಕೇಳೋ ಮೊದಲು, ಅವರು ಮಲಗೋ ಕಡೆ ಹೊಗೆ ಬರುತ್ತಾ, ಓದೋಕೆ ದೀಪ ಇದೆಯಾ ಅಂತ ನೋಡೋಣ.

ತಪ್ಪಿದ್ದರೆ ಕ್ಷಮಿಸಿ, ತಿದ್ದಿ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ